ಹಗ್ಗ ಬಿಚ್ಚುವ ಮುಂಚೆ: ಬೆಂಗಳೂರಿನಿಂದ ದೂರಯಾನಕ್ಕೆ ಹೊರಟವರ ಸಿದ್ಧತೆ

ಮಂಗಳೂರಿಗೆ ಹೋದರೂ ಚೆನ್ನೈಗೆ ಹೋದರೂ ಬೆಂಗಳೂರಿನಿಂದ ಸಮುದ್ರ ಸುಮಾರು 350 ಕಿ.ಮೀ. ದೂರ. ಆದರೂ ವಿಜಯನಗರ, ಯಲಹಂಕ, ಕೆಂಗೇರಿಯಿಂದ ಮರ್ಚೆಂಟ್ ನೇವಿಗೆ ಹೊರಡುವವರಿದ್ದಾರೆ. ಕರಾವಳಿಯ ಹುಡುಗನಿಗೆ ಕೇಳಲು ಚಿಕ್ಕಪ್ಪನೋ ಪಕ್ಕದ ಮನೆಯವರೋ ಸಿಗುತ್ತಾರೆ. ಇಲ್ಲಿನವರಿಗೆ ಅಂಥವರು ಕಡಿಮೆ. ಮೊದಲ ಅಥವಾ ಎರಡನೇ ಹಡಗು ಹತ್ತುವ ಅಂಥವರಿಗಾಗಿ ಈ ಬರಹ. ಮನೆಯಲ್ಲಿ ಬ್ಯಾಗ್ ಕಟ್ಟುವಲ್ಲಿಂದ ಶುರುಮಾಡಿ, ಬಂದರಿನಲ್ಲಿ ದಾರಿ ತೋರಿಸುವ ಪೈಲಟ್ ಇಳಿದು ಹಡಗು ಕಡಲಿಗೆ ಮುಖ ಮಾಡುವವರೆಗೆ ಹೋಗೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಹಡಗಿನಲ್ಲಿ ಪ್ರತಿ ಕೆಲಸಕ್ಕೂ ಚೆಕ್‌ಲಿಸ್ಟ್ ಇದೆ, ಪ್ರತಿ ಸಾಲಿಗೂ ಟಿಕ್ ಹಾಕಬಹುದು. ಟಿಕ್ ಹಾಕಿದ್ದಕ್ಕೂ ಕೈಯಿಂದ ಮುಟ್ಟಿ ನೋಡಿದ್ದಕ್ಕೂ ಬಹಳ ವ್ಯತ್ಯಾಸವಿದೆ. ಧಕ್ಕೆಯಲ್ಲಿ (ಹಡಗು ಕಟ್ಟುವ ಕಟ್ಟೆಯಲ್ಲಿ) ಮುಟ್ಟಿ ನೋಡದೆ ಬಿಟ್ಟದ್ದು ನಡುಗಡಲಿನಲ್ಲಿ ಕೈಕೊಟ್ಟರೆ ತರಲು ಅಂಗಡಿ ಇರುವುದಿಲ್ಲ.

ಕಾಗದಪತ್ರ: ಮೂರು ತಿಂಗಳ ಮುಂಚೆ

ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಸೇವಾ ದಾಖಲೆ ಪುಸ್ತಕ), ಇಂಡೋಸ್ ನಂಬರ್ (ಭಾರತೀಯ ನಾವಿಕರ ಗುರುತು ಸಂಖ್ಯೆ), ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ನಿಯಮ) ಮೂಲ ಕೋರ್ಸ್‌ಗಳ ಸರ್ಟಿಫಿಕೇಟ್, ಮೆಡಿಕಲ್, ಹಳದಿ ಜ್ವರದ ಲಸಿಕೆ ಕಾರ್ಡ್, ಸಹಿಯಾದ ಉದ್ಯೋಗ ಕರಾರು. ಇಷ್ಟೂ ಒಂದೇ ಫೋಲ್ಡರ್‌ನಲ್ಲಿರಲಿ, ಆ ಫೋಲ್ಡರ್ ಕೈಚೀಲದಲ್ಲಿರಲಿ. ಚೆಕ್-ಇನ್ ಬ್ಯಾಗಿಗೆ ಹಾಕಿ ಆ ಬ್ಯಾಗ್ ತಪ್ಪಿಹೋದರೆ ಹಡಗೂ ತಪ್ಪುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚು ಕಾಟ ಕೊಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ‘ಕೆ.ಎನ್.’ ಎಂದಷ್ಟೇ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಊರಿನ ಹೆಸರು, ತಂದೆಯ ಹೆಸರು ಎಂದು ಬಿಡಿಸಿಕೊಂಡಿರುತ್ತದೆ. ಸಿಡಿಸಿಯಲ್ಲಿ ಹಿಂದುಮುಂದಾಗಿರುತ್ತದೆ. ವೀಸಾ ಅರ್ಜಿ, ವಿಮಾನ ಟಿಕೆಟ್, ಹಡಗಿನ ಕ್ರ್ಯೂ ಲಿಸ್ಟ್ ಮೂರೂ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿಯುತ್ತವೆ. ಆದ್ದರಿಂದ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಮಿಕ್ಕ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಬೆಂಗಳೂರಿನಲ್ಲಿ ಸಿಡಿಸಿ ಕೊಡುವ ಶಿಪ್ಪಿಂಗ್ ಮಾಸ್ಟರ್ ಕಚೇರಿ ಇಲ್ಲ. ಮುಂಬೈ, ಚೆನ್ನೈ, ಕೋಲ್ಕತಾ ಕಚೇರಿಗಳ ಜೊತೆ ವ್ಯವಹಾರವಾಗಬೇಕು, ಹಾಗಾಗಿ ತಿದ್ದುಪಡಿಗೆ ಸಮಯ ಹಿಡಿಯುತ್ತದೆ.

ಅವಧಿಯ ಲೆಕ್ಕ ಹೀಗೆ: ಕರಾರು 9 ತಿಂಗಳಾದರೆ, ಅದರ ಮೇಲೆ ಹಲವು ದೇಶಗಳು ಕೇಳುವ 6 ತಿಂಗಳು, ಬದಲಿ ಸಿಬ್ಬಂದಿ ತಡವಾಗಿ ಬರುವುದಕ್ಕೆ ಇನ್ನು 3 ತಿಂಗಳು. ಪಾಸ್‌ಪೋರ್ಟಿನಲ್ಲಿ ಕನಿಷ್ಠ 18 ತಿಂಗಳು ಉಳಿದಿರಲಿ. ಮೆಡಿಕಲ್ ಸರ್ಟಿಫಿಕೇಟ್‌ಗೆ ಹೆಚ್ಚೆಂದರೆ 2 ವರ್ಷ ಆಯಸ್ಸು. ಸಮುದ್ರದಲ್ಲಿ ಬದುಕುಳಿಯುವ ತರಬೇತಿಗೂ ಅಗ್ನಿಶಾಮಕ ತರಬೇತಿಗೂ 5 ವರ್ಷಕ್ಕೊಮ್ಮೆ ರಿಫ್ರೆಶರ್ ಬೇಕು. ಹಳದಿ ಜ್ವರದ ಲಸಿಕೆ ಈಗ ಜೀವಮಾನಕ್ಕೆ ಒಂದು ಸಲ ಸಾಕು. ಆದರೆ ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಕಾರ್ಡ್ ಊರ್ಜಿತ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅದೂ ಎಲ್ಲ ದಿನವಲ್ಲ. ಟಿಕೆಟ್ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬ್ರೆಜಿಲ್ ಅಥವಾ ನೈಜೀರಿಯಾದಲ್ಲಿ ಇಳಿದು ಈ ಕಾರ್ಡ್ ಇಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು.

ಕೆಲಸ ಕೊಡಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ (ನಾವಿಕರನ್ನು ನೇಮಿಸುವ) ಲೈಸೆನ್ಸ್ ಇದೆಯೇ ಎಂದು ಶಿಪ್ಪಿಂಗ್ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೀವೇ ಹುಡುಕಿ. ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ಕೆಲಸಕ್ಕಾಗಿ ನಾವಿಕನಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ಮೆಡಿಕಲ್, ಸಿಡಿಸಿಗಳ ಖರ್ಚು ಮಾತ್ರ ನಿಮ್ಮ ಮೇಲೆ ಬೀಳಬಹುದು. ‘ಸೀಟಿಗೆ ಇಷ್ಟು ಲಕ್ಷ’ ಎಂದು ಯಾರಾದರೂ ಬಾಯಿಬಿಟ್ಟರೆ ಅಲ್ಲಿಂದ ಎದ್ದು ಬನ್ನಿ. ಹಣ ಕೊಟ್ಟು, ಕೊನೆಗೆ ಹೆಸರೇ ಕೇಳದ ದೇಶದ ಧ್ವಜದ ಹಳೇ ಹಡಗಿನಲ್ಲಿ ಸಂಬಳವಿಲ್ಲದೆ ಸಿಕ್ಕಿಬಿದ್ದವರ ಪಾಡು ಯಾರಿಗೂ ಬೇಡ. ವಿದೇಶಿ ಧ್ವಜದ ಹಡಗಾದರೆ ಏಜೆನ್ಸಿ ನಿಮ್ಮ ವಿವರವನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಿಸಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ದೇವನಹಳ್ಳಿಯ ಇಮಿಗ್ರೇಷನ್ ಕೌಂಟರ್‌ನಲ್ಲೇ ತಡೆಯಬಹುದು.

ಮನೆ ಮತ್ತು ಬ್ಯಾಗು

ನಿಮ್ಮ ಸಿಮ್ ಕಾರ್ಡ್ ಮನೆಯಲ್ಲೇ ಒಂದು ಹಳೇ ಫೋನಿನಲ್ಲಿ ಇರಲಿ. 90 ದಿನ ಬಳಕೆಯಾಗದ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ನಂಬರ್ ಹೋದರೆ ಖಾತೆಯ ಬೀಗದ ಕೈಯೇ ಹೋದಂತೆ. ರೀಚಾರ್ಜ್ ದಿನಾಂಕವನ್ನು ಮನೆಯವರ ಕ್ಯಾಲೆಂಡರಿನಲ್ಲಿ ಬರೆದು ಹೊರಡಿ. ವಿದೇಶಿ ಸಂಪಾದನೆ ಇಡುವ ಎನ್‌ಆರ್‌ಇ ಖಾತೆ ತೆರೆದು ನಾಮಿನಿ ಹಾಕಿಸಿ. ಹಡಗು ಹತ್ತಿದ, ಇಳಿದ ತಾರೀಖುಗಳನ್ನು ಸಿಡಿಸಿಯಲ್ಲಿ ಕ್ಯಾಪ್ಟನ್ ದಾಖಲಿಸಿದ್ದಾರೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ. ಆದಾಯ ತೆರಿಗೆಯವರು ದಿನ ಎಣಿಸುವುದು ಆ ತಾರೀಖುಗಳ ಮೇಲೆ.

ಬೆಂಗಳೂರಿಂದ ಮುಂಬೈಗೆ ಬೇರೆ ಟಿಕೆಟ್, ಅಲ್ಲಿಂದ ವಿದೇಶಕ್ಕೆ ಬೇರೆ ಟಿಕೆಟ್ ಆಗಿದ್ದರೆ ಮೊದಲ ಹಾರಾಟಕ್ಕೆ 15 ಕೆ.ಜಿ. ಮಿತಿಯೇ ಅನ್ವಯವಾಗಬಹುದು. ನಾವಿಕರ ದರದ ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಹೆಚ್ಚು ತೂಕ ಸಿಗುತ್ತದೆ. ಕಂಪನಿಯನ್ನು ಕೇಳಿ.

ಬಟ್ಟೆ ಕಡಿಮೆ ಸಾಕು. ಬಾಯ್ಲರ್ ಸೂಟ್, ಸೇಫ್ಟಿ ಶೂ, ಹೆಲ್ಮೆಟ್ ಹಡಗಿನವರೇ ಕೊಡುತ್ತಾರೆ. ಪಾದ ಅಗಲವಾಗಿದ್ದರೆ ಮಾತ್ರ ಶೂ ನಿಮ್ಮದೇ ಇರಲಿ. ಕನ್ನಡಕ ಹಾಕುವವರಿಗೆ ಎರಡು ಜೊತೆ ಬೇಕು. ದಿನನಿತ್ಯದ ಔಷಧಿ ಇದ್ದರೆ ಇಡೀ ಕರಾರಿನ ಅವಧಿಗೆ, ವೈದ್ಯರ ಚೀಟಿ ಸಮೇತ, ಮೂಲ ಸ್ಟ್ರಿಪ್‌ನಲ್ಲೇ ಒಯ್ಯಿರಿ. ಬಿಡಿ ಮಾತ್ರೆ ಕಂಡರೆ ಕಸ್ಟಮ್ಸ್‌ನವರು ಪ್ರಶ್ನೆ ಕೇಳುತ್ತಾರೆ. ಅವೆನ್ಯೂ ರಸ್ತೆಯಲ್ಲಿ ಸಿಗುವ ಅಂಗೈಯಗಲದ ಗಟ್ಟಿ ರಟ್ಟಿನ ನೋಟ್‌ಬುಕ್ ನಾಲ್ಕು ತೆಗೆದುಕೊಳ್ಳಿ. ಹೊಸಬರಿಗೆ ಅದರಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಉಪ್ಪಿನಕಾಯಿ, ಹುಳಿಪುಡಿ, ಚಟ್ನಿಪುಡಿ ಒಯ್ಯದೆ ಯಾರೂ ಹೊರಡುವುದಿಲ್ಲ, ಒಯ್ಯಲೂ ಬೇಕು. ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ಎರಡು ಪದರ ಕ್ಲಿಂಗ್ ಫಿಲ್ಮ್ ಎಳೆದು, ಮೇಲೆ ಮುಚ್ಚಳ ತಿರುಗಿಸಿ, ಡಬ್ಬಿಯನ್ನು ಜಿಪ್ ಚೀಲಕ್ಕೆ ಹಾಕಿ. ವಿಮಾನದಲ್ಲಿ ಒತ್ತಡ ಇಳಿದಾಗ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ರಾಗಿಹಿಟ್ಟಿಗೆ ಹಡಗಿನ ಸೆಖೆಯಲ್ಲಿ ಬೇಗ ಹುಳ ಬೀಳುತ್ತದೆ. ಒಂದೊಂದು ಕೆ.ಜಿ. ವ್ಯಾಕ್ಯೂಮ್ ಪೊಟ್ಟಣ ಮಾಡಿಸಿ, ಹತ್ತಿದ ದಿನವೇ ಅಡುಗೆಯವರನ್ನು ಕೇಳಿ ತಣ್ಣನೆಯ ಕೋಣೆಯಲ್ಲಿ ಇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹಡಗು ಹತ್ತುವುದಾದರೆ ಎಲ್ಲ ತಿನಿಸನ್ನೂ ಘೋಷಿಸಲೇಬೇಕು.

ಈಜು ಬರದಿದ್ದರೆ ಹೊರಡುವ ಮುಂಚೆ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಕಲಿತುಬಿಡಿ. ಉದ್ದುದ್ದ ಈಜುವುದಕ್ಕಿಂತ ನೀರಿಗೆ ಹಾರಿ ಗಾಬರಿಯಾಗದೆ ಬೆನ್ನ ಮೇಲೆ ತೇಲುವುದು ಬಂದರೆ ಸಾಕು.

ಹಡಗು ಹತ್ತಿದ ಮೊದಲ ದಿನ

ಕ್ಯಾಬಿನ್‌ನಲ್ಲಿ ಬ್ಯಾಗ್ ಬಿಚ್ಚುವ ಮೊದಲು ಮಸ್ಟರ್ ಲಿಸ್ಟ್ ಓದಿ. ಏಳು ಗಿಡ್ಡ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ನಿಲ್ಲಬೇಕು, ಯಾವ ಲೈಫ್‌ಬೋಟ್, ನಿಮ್ಮ ಕೆಲಸ ಏನು? ಕ್ಯಾಬಿನ್‌ನಿಂದ ಅಲ್ಲಿಗೆ ಒಮ್ಮೆ ನಡೆದು ಹೋಗಿ. ಎರಡನೇ ಸಲ ಕಣ್ಣು ಮುಚ್ಚಿ, ಗೋಡೆಯ ಹಿಡಿಕಂಬಿ ತಡವುತ್ತ ಹೋಗಿ, ಏಕೆಂದರೆ ಹೊಗೆ ತುಂಬಿದಾಗ ದಾರಿ ಹೇಳುವುದು ಕೈಯೇ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಇಮರ್ಶನ್ ಸೂಟ್ ತೊಟ್ಟು ಜಿಪ್ ಎಳೆದು ನೋಡಿ. ಮೇಣ ಹಚ್ಚದ ಜಿಪ್ ಅರ್ಧದಲ್ಲಿ ನಿಲ್ಲುತ್ತದೆ. ಸಿಬ್ಬಂದಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಹಿಂದಿನ ತಿಂಗಳು ಅದೇ ಹಡಗಿನಲ್ಲಿ ಡ್ರಿಲ್ ಮಾಡಿರದಿದ್ದರೆ, ಬಂದರು ಬಿಟ್ಟ 24 ಗಂಟೆಯೊಳಗೆ ಡ್ರಿಲ್ ಕಡ್ಡಾಯ.

ಲೈಫ್‌ಬೋಟ್‌ನಲ್ಲಿ ಎಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ. ವಾರಕ್ಕೊಮ್ಮೆ ಕನಿಷ್ಠ 3 ನಿಮಿಷ ಓಡಿಸಬೇಕೆಂದು ನಿಯಮವಿದೆ, ಎರಡು ಬ್ಯಾಟರಿಯಿಂದಲೂ ಸ್ಟಾರ್ಟ್ ಆಗಬೇಕು. ತಳದ ಪ್ಲಗ್ ಅದರ ತೂತಿನ ಪಕ್ಕದಲ್ಲೇ ಸರಪಳಿಯಿಂದ ತೂಗುತ್ತಿದೆಯೇ ನೋಡಿ. ತಲೆಗೆ 3 ಲೀಟರ್ ನೀರು, 10,000 ಕಿಲೋಜೌಲ್ ಆಹಾರ, ಇಡೀ ಬೋಟಿಗೆ 4 ಪ್ಯಾರಾಶೂಟ್ ರಾಕೆಟ್, 6 ಕೈಪಂಜು, 2 ತೇಲುವ ಹೊಗೆಡಬ್ಬಿ ಇರಬೇಕು. ಪೆಟ್ಟಿಗೆ ತೆರೆದು ಎಣಿಸಿ, ಅವಧಿ ಓದಿ.

ಈಗ ಲೈಫ್‌ರಾಫ್ಟ್. ಸುಲಭವಾಗಿ ತಪ್ಪಾಗುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ. ಬಿಳಿ ಪೀಪಾಯಿಯಂಥ ರಾಫ್ಟನ್ನು ಪಟ್ಟಿಯಿಂದ ತೊಟ್ಟಿಲಿಗೆ ಬಿಗಿದಿರುತ್ತಾರೆ. ಆ ಪಟ್ಟಿಯ ಕೊಕ್ಕೆ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಎಂಬ ಮುಷ್ಟಿಗಾತ್ರದ ಸಾಧನದ ಬಿಳಿ ಹಗ್ಗದ ಕುಣಿಕೆಗೆ ಸೇರಿರುತ್ತದೆ, ಕುಣಿಕೆ ಡೆಕ್ಕಿನ ಕಬ್ಬಿಣದ ಕಿವಿಗೆ. ಹಡಗು ಮುಳುಗಿ 4 ಮೀಟರ್ ಆಳ ತಲುಪುವ ಮೊದಲೇ ನೀರಿನ ಒತ್ತಡಕ್ಕೆ ಒಳಗಿನ ಚಾಕು ಚಿಮ್ಮಿ ಕುಣಿಕೆಯನ್ನು ಕತ್ತರಿಸುತ್ತದೆ, ಪೀಪಾಯಿ ಮೇಲೇಳುತ್ತದೆ. ಪೀಪಾಯಿಯಿಂದ ಹೊರಬಂದಿರುವ ಪೇಂಟರ್ ಹಗ್ಗ ಎಳೆಯಲ್ಪಟ್ಟು ರಾಫ್ಟ್ ಗಾಳಿ ತುಂಬಿ ಅರಳುತ್ತದೆ. ಮುಳುಗುತ್ತಿರುವ ಹಡಗು ಇನ್ನೂ ಎಳೆದಾಗ ಕೆಂಪು ಬಣ್ಣದ ದುರ್ಬಲ ಕೊಂಡಿ ಮುರಿದು ರಾಫ್ಟ್ ಬಿಡುಗಡೆಯಾಗುತ್ತದೆ. ಪೇಂಟರ್ ಕಟ್ಟಬೇಕಾದದ್ದು ಆ ಕೆಂಪು ಕೊಂಡಿಗೆ. ‘ಗಟ್ಟಿಯಾಗಿರಲಿ’ ಎಂದು ಯಾರಾದರೂ ಅದನ್ನು ನೇರ ಡೆಕ್ಕಿನ ಕಿವಿಗೆ ಕಟ್ಟಿದ್ದರೆ ಅರಳಿದ ರಾಫ್ಟ್ ಹಡಗಿನ ಜೊತೆಗೇ ತಳ ಸೇರುತ್ತದೆ. ಎಲ್ಲಿಗೂ ಕಟ್ಟದೆ ಬಿಟ್ಟಿದ್ದರೆ ಪೀಪಾಯಿ ಅರಳದೆ ತೇಲಿ ದೂರ ಹೋಗುತ್ತದೆ. ಬೆರಳಿನಿಂದ ಹಗ್ಗವನ್ನು ತುದಿಯಿಂದ ತುದಿಗೆ ಹಿಂಬಾಲಿಸಿ. ಒಮ್ಮೆ ಬಳಸಿ ಎಸೆಯುವ ಮಾದರಿಯಾದರೆ ಆಯಸ್ಸು ಅಳವಡಿಸಿದ ದಿನದಿಂದ 2 ವರ್ಷ. ಮುಗಿಯುವ ತಿಂಗಳು, ವರ್ಷ ಅದರ ಮೇಲೆಯೇ ಗುರುತಾಗಿರಬೇಕು.

ಉಗ್ರಾಣ ಮತ್ತು ನೀರು

22 ಜನ, 30 ದಿನದ ದಾರಿ, 15 ದಿನದ ಮೀಸಲು: 45 ದಿನಕ್ಕೆ ಲೆಕ್ಕ ಹಾಕಿ. ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿ ಎಂದರೆ ಸುಮಾರು 300 ಕೆ.ಜಿ., 200 ಗ್ರಾಂ ಆಲೂಗಡ್ಡೆ ಎಂದರೆ 200 ಕೆ.ಜಿ., 150 ಗ್ರಾಂ ಈರುಳ್ಳಿ ಎಂದರೆ 150 ಕೆ.ಜಿ. ಒಂದೂವರೆ ಮೊಟ್ಟೆ ಎಂದರೆ ಮೂವತ್ತರ 50 ಟ್ರೇ. ಭಾರತೀಯ ಸಿಬ್ಬಂದಿ ಹೆಚ್ಚಿದ್ದರೆ ಅಕ್ಕಿ, ಬೇಳೆ ಮೇಲಕ್ಕೆ, ಮಾಂಸ ಕೆಳಕ್ಕೆ. ಸಸ್ಯಾಹಾರಿಗಳು ಎಷ್ಟು ಜನ ಎಂದು ಎಣಿಸದೆ ಆರ್ಡರ್ ಕೊಟ್ಟ ಹಡಗಿನಲ್ಲಿ ಮೂರನೇ ವಾರ ಬೇಳೆಯೇ ಇರುವುದಿಲ್ಲ.

ಮಾಂಸ, ಮೀನಿನ ಕೋಣೆ ಮೈನಸ್ 18 ಡಿಗ್ರಿ, ತರಕಾರಿ ಕೋಣೆ 4 ಡಿಗ್ರಿ ಆಸುಪಾಸು. ಲಾರಿಯಿಂದ ಇಳಿಯುವಾಗಲೇ ಥರ್ಮಾಮೀಟರ್ ಚುಚ್ಚಿ ನೋಡಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಕೋಳಿಯ ಚೀಲದ ತಳದಲ್ಲಿ ಕೆಂಪು ಮಂಜುಗಡ್ಡೆ ಕಾಣುತ್ತದೆ, ಅದನ್ನು ವಾಪಸ್ ಕಳಿಸಿ. ಸೇಬು, ಬಾಳೆ ಬಿಡುವ ಎಥಿಲೀನ್ ಅನಿಲ ಪಕ್ಕದ ಸೊಪ್ಪು, ಸೌತೆಯನ್ನು ಬೇಗ ಹಣ್ಣಾಗಿಸಿ ಕೊಳೆಸುತ್ತದೆ. ಈರುಳ್ಳಿ, ಆಲೂಗಡ್ಡೆಯನ್ನೂ ಒಟ್ಟಿಗೆ ಇಡಬೇಡಿ. ಟೊಮ್ಯಾಟೊ ಅರ್ಧ ಕಾಯಿ, ಅರ್ಧ ಹಣ್ಣು ತನ್ನಿ. ಮೊದಲ ವಾರ ಸೊಪ್ಪು, ಎರಡನೇ ವಾರ ಬೀನ್ಸ್, ಹೂಕೋಸು, ಆಮೇಲೆ ಎಲೆಕೋಸು, ಕ್ಯಾರೆಟ್, ಕುಂಬಳ.

ಸಿಹಿನೀರು ತಲೆಗೆ ದಿನಕ್ಕೆ 180 ಲೀಟರ್ ಎಂದರೂ 22 ಜನಕ್ಕೆ ಸುಮಾರು 4 ಟನ್. ಎಂಜಿನ್ನಿನ ಬಿಸಿಯಿಂದ ಕಡಲ ನೀರನ್ನು ಬಟ್ಟಿ ಇಳಿಸುವ ಯಂತ್ರ ಇದಕ್ಕಿಂತ ಹೆಚ್ಚೇ ಕೊಡುತ್ತದೆ. ಆದರೆ ದಡದಿಂದ 20 ನಾಟಿಕಲ್ ಮೈಲಿಯೊಳಗೆ ಕೊಳಕು ನೀರಿನ ಭಯದಿಂದ ಅದನ್ನು ಓಡಿಸುವುದಿಲ್ಲ, ಹಡಗು ನಿಂತಾಗ ಅದೂ ನಿಲ್ಲುತ್ತದೆ. ಲಂಗರು ಹಾಕಿ ಹತ್ತು ದಿನ ಕಾಯುವುದು ಈಗ ಮಾಮೂಲು. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಎಣ್ಣೆಯ ಲೆಕ್ಕ

6,000 ನಾಟಿಕಲ್ ಮೈಲಿಯನ್ನು 12.5 ನಾಟ್ (ಗಂಟೆಗೆ 12.5 ನಾಟಿಕಲ್ ಮೈಲಿ) ವೇಗದಲ್ಲಿ ದಾಟಲು 480 ಗಂಟೆ, ಅಂದರೆ 20 ದಿನ. ಮುಖ್ಯ ಎಂಜಿನ್‌ಗೆ ದಿನಕ್ಕೆ 28 ಟನ್ ಇಂಧನದ ಎಣ್ಣೆ, ಜನರೇಟರ್‌ಗೆ 3 ಟನ್ ಎಂದಿಟ್ಟುಕೊಂಡರೆ 620 ಟನ್. ಹವಾಮಾನಕ್ಕೆ 20 ಶೇಕಡಾ ಮೀಸಲು ಸೇರಿಸಿ 744. ಟ್ಯಾಂಕಿನ ತಳದಲ್ಲಿ ಪಂಪಿಗೆ ಸಿಗದೆ ಉಳಿಯುವುದಕ್ಕೆ 40 ಸೇರಿಸಿದರೆ 784 ಟನ್. 2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಗುಡ್‌ಹೋಪ್ ಭೂಶಿರ ಸುತ್ತಿದವು. ಅಂಥ ಬದಲಾವಣೆ 10 ದಿನ ಸೇರಿಸಿದರೆ ಇನ್ನು 310 ಟನ್ ಎಣ್ಣೆ ಬೇಕು, ಜೊತೆಗೆ 10 ದಿನದ ಈರುಳ್ಳಿಯೂ ಬೇಕು. ಮಾರ್ಗ ನಿರ್ಧಾರವಾಗುವ ಮೊದಲು ಉಗ್ರಾಣದ ಪಟ್ಟಿ ಮುಗಿಸಬೇಡಿ.

ಟ್ಯಾಂಕನ್ನು 85ರಿಂದ 90 ಶೇಕಡಾಕ್ಕಿಂತ ಹೆಚ್ಚು ತುಂಬಬೇಡಿ, ಬಿಸಿ ಮಾಡಿದಾಗ ಎಣ್ಣೆ ಹಿಗ್ಗುತ್ತದೆ. ಎಣ್ಣೆ ತಂದು ತುಂಬಿಸುವ ಬಾರ್ಜ್‌ನ ಟ್ಯಾಂಕುಗಳನ್ನು ಮೊದಲೂ ನಂತರವೂ ಅಳೆಯಿರಿ, ತಾಪಮಾನದ ತಿದ್ದುಪಡಿ ಹಾಕಿ. ಅಳತೆ ಟೇಪಿಗೆ ನೊರೆ ಅಂಟಿ ಬಂದರೆ, ಹೋಸ್ ಕುಣಿಯುತ್ತಿದ್ದರೆ, ಎಣ್ಣೆಯ ಜೊತೆ ಗಾಳಿ ತುಂಬುತ್ತಿದ್ದಾರೆಂದು ಅರ್ಥ. ಆಗ ನಿಲ್ಲಿಸಿ, ನೊರೆ ಇಳಿದ ಮೇಲೆ ಮತ್ತೆ ಅಳೆಯಿರಿ. 2020ರ ಜನವರಿ 1ರಿಂದ ಗಂಧಕ 0.50 ಶೇಕಡಾ ಮೀರುವಂತಿಲ್ಲ, ನಿಯಂತ್ರಿತ ವಲಯಗಳಲ್ಲಿ 0.10. ಡೆಲಿವರಿ ನೋಟ್ 3 ವರ್ಷ, ಮೊಹರು ಹಾಕಿದ ಸ್ಯಾಂಪಲ್ ಕನಿಷ್ಠ 12 ತಿಂಗಳು ಜೋಪಾನ. ಹೊಸ ಎಣ್ಣೆಯನ್ನು ಹಳೆಯದರ ಮೇಲೆ ಸುರಿಯಬೇಡಿ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಜಿಡ್ಡು ಬೇರ್ಪಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ ನಿಲ್ಲುತ್ತದೆ.

ತಳದ ಕೆಳಗೆ ಎಷ್ಟು ನೀರು?

ಹಡಗು ಓಡುವಾಗ ತಳದ ಕೆಳಗಿನ ನೀರು ವೇಗವಾಗಿ ಹಿಂದಕ್ಕೆ ಸರಿದು ಒತ್ತಡ ಇಳಿಯುತ್ತದೆ, ಹಡಗು ನೀರಿನಲ್ಲಿ ಇನ್ನಷ್ಟು ಕೆಳಗೆ ಕುಳಿತುಕೊಳ್ಳುತ್ತದೆ. ಇದಕ್ಕೆ ಸ್ಕ್ವಾಟ್ ಎನ್ನುತ್ತಾರೆ. ಅಂದಾಜಿಗೆ ಸರಳ ಸೂತ್ರವಿದೆ: ಬ್ಲಾಕ್ ಗುಣಾಂಕವನ್ನು (ಹಡಗಿನ ಮುಳುಗಿದ ಭಾಗ ಎಷ್ಟು ಪೆಟ್ಟಿಗೆಯಂತಿದೆ ಎಂಬ ಅಳತೆ) ವೇಗದ ವರ್ಗದಿಂದ ಗುಣಿಸಿ 100ರಿಂದ ಭಾಗಿಸಿ. ಇಕ್ಕಟ್ಟಾದ ಕಾಲುವೆಯಲ್ಲಿ ಅದರ ಎರಡರಷ್ಟು. ಗುಣಾಂಕ 0.8, ವೇಗ 10 ನಾಟ್ ಆದರೆ ಕಾಲುವೆಯಲ್ಲಿ 1.6 ಮೀಟರ್. 6 ನಾಟ್‌ಗೆ ಇಳಿಸಿದರೆ 0.58.

ನಕ್ಷೆಯ ಆಳ 13.5, ಉಬ್ಬರ 1.0, ಒಟ್ಟು 14.5 ಮೀಟರ್ ಇದ್ದು, ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ) 12.2 ಇರಲಿ. ಅಲೆಯ ಏರಿಳಿತಕ್ಕೆ 0.5 ತೆಗೆಯಿರಿ. 10 ನಾಟ್‌ನಲ್ಲಿ ಉಳಿಯುವುದು ಒಂದು ಗೇಣಿನಷ್ಟು, 0.2 ಮೀಟರ್. 6 ನಾಟ್‌ನಲ್ಲಿ 1.22. ಡ್ರಾಫ್ಟಿನ 10 ಶೇಕಡಾ ಉಳಿಯಲೇಬೇಕು ಎಂಬ ಕಂಪನಿ ನಿಯಮವಿದ್ದರೆ ಎರಡನೆಯದು ಕೂದಲೆಳೆಯಲ್ಲಿ ಪಾಸು. ಪಣಂಬೂರಿನಂಥ ಬಂದರಿನ ಹೊರಗೆ ಮಳೆಗಾಲದ ಅಲೆಗೆ 0.5 ಸಾಲುವುದೂ ಇಲ್ಲ. ಇನ್ನೂ ಕಾಯಬೇಕು, ಇಲ್ಲವೇ ಸರಕು ಕಡಿಮೆ ಮಾಡಬೇಕು.

ನೀರಿನ ಸಾಂದ್ರತೆ ಅಳೆಯದೆ ಡ್ರಾಫ್ಟ್ ನಂಬಬೇಡಿ. ನದಿ ಸೇರುವ ಬಂದರಿನಲ್ಲಿ ಅದು ಘನ ಮೀಟರಿಗೆ 1015 ಕೆ.ಜಿ. ಇರಬಹುದು. ಹಡಗಿನ ಸಿಹಿನೀರಿನ ಭತ್ಯೆ (ಸಿಹಿನೀರಿನಲ್ಲಿ ಹೆಚ್ಚು ಮುಳುಗುವ ಪ್ರಮಾಣ) 250 ಮಿ.ಮೀ. ಆದರೆ, ಕಡಲ ನೀರಿನ 1025ರಿಂದ 10 ಕಡಿಮೆ ಎಂದರೆ 250ರ ಇಪ್ಪತ್ತೈದು ಭಾಗದಲ್ಲಿ ಹತ್ತು ಭಾಗ, 100 ಮಿ.ಮೀ. ಹೆಚ್ಚು ಮುಳುಗಿರುತ್ತದೆ. ಸ್ಯಾಂಪಲ್ಲನ್ನು ಧಕ್ಕೆಯ ಕಡೆಯಿಂದಲ್ಲ, ಸಮುದ್ರದ ಕಡೆಯಿಂದ, ಎರಡು ಮೂರು ಆಳದಿಂದ ತೆಗೆಯಿರಿ.

ಮಾರ್ಗ ಯೋಜನೆ ಧಕ್ಕೆಯಿಂದ ಧಕ್ಕೆಯವರೆಗೆ ಇರಬೇಕು. ಪೈಲಟ್ ಇರುವ ಭಾಗ ಪೈಲಟ್‌ಗೆ ಸೇರಿದ್ದು ಎಂದು ಖಾಲಿ ಬಿಡುವುದು ತಪ್ಪು.

ಬಿಗಿ ಮಾಡುವುದು

ಸರಕಿನ ಕೋಣೆಯ ಮೇಲಿನ ಹ್ಯಾಚ್ ಮುಚ್ಚಳದ ರಬ್ಬರ್ ಎಲ್ಲಿ ಗಟ್ಟಿಯಾಗಿದೆ, ನೀರು ಹರಿಯುವ ಕಾಲುವೆಯಲ್ಲಿ ಸರಕಿನ ಪುಡಿ ಕೂತಿದೆಯೇ ನೋಡಿ. ಸೋರುವ ಮುಚ್ಚಳವನ್ನು ಕ್ಲೀಟ್ (ಮುಚ್ಚಳದ ಹಿಡಿ) ಬಿಗಿದು ಸರಿಮಾಡಲು ಆಗುವುದಿಲ್ಲ, ರಬ್ಬರ್ ಇನ್ನಷ್ಟು ಚಪ್ಪಟೆಯಾಗುತ್ತದೆ. ಕಂಟೈನರಿನಲ್ಲಿ ಕಾಫಿ ಇದ್ದರೆ ಬೇರೆ ಸಮಸ್ಯೆ. ಚಿಕ್ಕಮಗಳೂರು, ಕೊಡಗಿನ ಬೀಜ ಬೆಚ್ಚಗಿನ ತೇವವನ್ನು ಹೊತ್ತು ತಣ್ಣನೆಯ ಯುರೋಪಿಗೆ ಹೋಗುವಾಗ ಒಳಛಾವಣಿಯಲ್ಲಿ ನೀರಹನಿ ಕಟ್ಟಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಒಳಗೆ ಕ್ರಾಫ್ಟ್ ಕಾಗದ ಹೊದಿಸಿ ತೇವ ಹೀರುವ ಚೀಲ ತೂಗುಹಾಕಿರುತ್ತಾರೆ. ಹಡಗಿನವರು ನೋಡಬೇಕಾದದ್ದು ಕಂಟೈನರಿನ ಬಾಗಿಲ ರಬ್ಬರ್ ಮತ್ತು ಛಾವಣಿಯ ತೂತು.

ಲಂಗರಿನ ಸರಪಳಿ ಡೆಕ್ಕಿನಿಂದ ಕೆಳಗಿನ ಕೋಣೆಗೆ ಇಳಿಯುವ ಕೊಳವೆಯನ್ನು ಮರೆಯುವವರು ಹೆಚ್ಚು. ಅದನ್ನು ಮುಚ್ಚಿ ಸಿಮೆಂಟ್ ಹಾಕದೆ ಹೋದರೆ ಮುಂಭಾಗಕ್ಕೆ ಬಡಿಯುವ ಪ್ರತಿ ಅಲೆಯಿಂದ ನೀರು ಸದ್ದಿಲ್ಲದೆ ಸರಪಳಿ ಕೋಣೆಗೆ ಇಳಿಯುತ್ತದೆ. ಎರಡು ದಿನಕ್ಕೆ ಮೂತಿ ಭಾರವಾಗಿ ತಗ್ಗುತ್ತದೆ, ಆಗ ಇನ್ನೂ ಹೆಚ್ಚು ಅಲೆ ಡೆಕ್ಕಿಗೆ ಏರುತ್ತದೆ. ಆದರೆ ಈ ಕೆಲಸ ಧಕ್ಕೆಯಲ್ಲೇ ಮುಗಿಸುವಂಥದ್ದಲ್ಲ. ಬಂದರಿನ ಹತ್ತಿರ ಲಂಗರು ಯಾವ ಕ್ಷಣದಲ್ಲೂ ಬೇಕಾಗಬಹುದು. ಸಿಮೆಂಟ್, ಗೋಣಿ, ಮುಚ್ಚಳ ಹತ್ತಿರ ಇಟ್ಟುಕೊಂಡು ಆಳ ನೀರು ತಲುಪಿದ ಮೇಲೆ ಮಾಡಿ.

ಕೊನೆಯ 12 ಗಂಟೆ

ಹೊರಡುವ 12 ಗಂಟೆಯೊಳಗೆ ಸ್ಟೀರಿಂಗ್ ಗೇರ್ ಪರೀಕ್ಷೆಯಾಗಬೇಕು. ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ ಚುಕ್ಕಾಣಿ 28 ಸೆಕೆಂಡಿನೊಳಗೆ ಬರಬೇಕು. ಸ್ಟಾಪ್‌ವಾಚ್ ಹಿಡಿದು ಪ್ರತಿ ಪಂಪನ್ನೂ ಪ್ರತ್ಯೇಕವಾಗಿ ನೋಡಿ. ಬ್ರಿಜ್‌ನ (ಹಡಗು ನಡೆಸುವ ಕೋಣೆಯ) ಸೂಚಕವನ್ನು ನಂಬದೆ ಹಿಂದಿನ ಕೋಣೆಯಲ್ಲಿ ಒಬ್ಬರು ನಿಂತು ಕಣ್ಣಾರೆ ನೋಡಿ ಹೇಳಬೇಕು.

ಎಂಜಿನ್ ರೂಮಿನಲ್ಲಿ ಸಿಲಿಂಡರುಗಳ ಸುತ್ತ ಹರಿಯುವ ಜಾಕೆಟ್ ನೀರು ಬೆಚ್ಚಗಾಗಿ, ಎಣ್ಣೆ ಹರಿದು, ಟರ್ನಿಂಗ್ ಗೇರ್‌ನಿಂದ ಎಂಜಿನ್ ನಿಧಾನ ಸುತ್ತುವಾಗ ಸಿಲಿಂಡರುಗಳ ಇಂಡಿಕೇಟರ್ ಕಾಕ್‌ಗಳು (ಸಣ್ಣ ನಲ್ಲಿಗಳು) ತೆರೆದಿರಬೇಕು. ಯಾವುದಾದರೂ ಸಿಲಿಂಡರಿನಲ್ಲಿ ನೀರು ಸೋರಿ ನಿಂತಿದ್ದರೆ ಅಲ್ಲಿ ಹನಿ ಕಾಣುತ್ತದೆ. ನೀರು ಅಮುಕಿದರೆ ಕುಗ್ಗುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್, ಸಿಲಿಂಡರ್ ಹೆಡ್ ಒಡೆಯುತ್ತದೆ. ಆಮೇಲೆ ಟರ್ನಿಂಗ್ ಗೇರ್ ಬಿಡಿಸಿ, ಗಾಳಿಯಲ್ಲಿ ಒಮ್ಮೆ ಊದಿ, ಕಾಕ್ ಮುಚ್ಚಿ.

ಕಳ್ಳಪ್ರಯಾಣಿಕರ ಹುಡುಕಾಟದಲ್ಲಿ ಚುಕ್ಕಾಣಿಯ ಗೂಡು, ಹಗ್ಗದ ಕೋಣೆ, ಕ್ರೇನಿನ ಕ್ಯಾಬಿನ್, ಚಿಮಣಿಯ ಒಳಭಾಗ ಬಿಡಬೇಡಿ. ಹಡಗಿನ ಗುರುತು, ಜಾಗ ಪ್ರಸಾರ ಮಾಡುವ ಎಐಎಸ್‌ನಲ್ಲಿ ಹೊಸ ಡ್ರಾಫ್ಟ್, ಹೊಸ ಗುರಿ ಹಾಕಿ.

ನಿದ್ದೆಯನ್ನೂ ಸಿದ್ಧತೆ ಎಂದೇ ಎಣಿಸಿ. 24 ಗಂಟೆಯಲ್ಲಿ 10, ವಾರದಲ್ಲಿ 77 ಗಂಟೆ ವಿಶ್ರಾಂತಿ ಕನಿಷ್ಠ, ಅದರಲ್ಲಿ ಒಂದು ಸಲ 6 ಗಂಟೆ ಸತತವಾಗಿ. ಸರಕು ಕೆಲಸದಲ್ಲಿ ರಾತ್ರಿಯಿಡೀ ನಿಂತವರನ್ನೇ ಹಗ್ಗದ ಹತ್ತಿರ ನಿಲ್ಲಿಸಿದರೆ ಕೈಬೆರಳು ಹೋಗುತ್ತದೆ. ಹಾಳೆಯಲ್ಲಿ ಸುಳ್ಳು ಗಂಟೆ ಬರೆಯಲು ಯಾರು ಹೇಳಿದರೂ ಬರೆಯಬೇಡಿ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಆದರೆ ಅದು ತೂಕಡಿಕೆ ತರುತ್ತದೆ, ಹಗ್ಗದ ಕೆಲಸವಿದ್ದರೆ ಅಧಿಕಾರಿಗೆ ಹೇಳಿ.

ಹಗ್ಗ ಬಿಟ್ಟ ಮೇಲೆ

ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಮೂರಿಂಗ್ ಡೆಕ್ಕಿನಲ್ಲಿ ಇಂಥ ಜಾಗ ಸುರಕ್ಷಿತ ಎಂದು ಗೆರೆ ಎಳೆಯಲಾಗದು, ಇಡೀ ಡೆಕ್ಕನ್ನೇ ಅಪಾಯದ ಜಾಗ ಎಂದು ತಿಳಿಯಿರಿ. ಸುರುಳಿಯೊಳಗೆ ಕಾಲಿಡಬೇಡಿ. ಹಿಂಭಾಗದ ಕೊನೆಯ ಹಗ್ಗ ನೀರಿನಿಂದ ಮೇಲೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ‘ಪ್ರೊಪೆಲ್ಲರ್ ಕ್ಲಿಯರ್’ ಎಂದು ಬ್ರಿಜ್‌ಗೆ ಹೇಳಿ. ಆ ಮಾತಿನ ಮೇಲೆ ಅವರು ಎಂಜಿನ್ ಓಡಿಸುತ್ತಾರೆ.

ಪೈಲಟ್ ಇಳಿಯುವ ಏಣಿಯ ಮೆಟ್ಟಿಲು ಸಮತಟ್ಟಾಗಿರಲಿ, ಹಡಗಿನ ಮೈಗೆ ಒರಗಿರಲಿ. ನೀರಿನಿಂದ ಹತ್ತುವ ಎತ್ತರ 9 ಮೀಟರ್ ಮೀರಿದರೆ ಏಣಿಯ ಜೊತೆ ಅಕೊಮೊಡೇಷನ್ ಲ್ಯಾಡರ್ (ಹಡಗಿನ ಬದಿಯ ಓರೆ ಮೆಟ್ಟಿಲು) ಸೇರಿಸಲೇಬೇಕು.

ಆಳ ನೀರು ಬಂದ ಮೇಲೆ ಲಂಗರು ಬಿಗಿದು, ಸರಪಳಿ ಕೊಳವೆಗೆ ಸಿಮೆಂಟ್ ಹಾಕಿ. ಮೊದಲ ರಾತ್ರಿ ಹೊಯ್ದಾಡಿದ ಮೇಲೆ ಸರಕಿನ ಸರಪಳಿಗಳು ಸಡಿಲವಾಗುತ್ತವೆ. ಬೆಳಿಗ್ಗೆ ಒಂದೊಂದನ್ನೂ ಕೈಯಲ್ಲಿ ಅಲ್ಲಾಡಿಸಿ ಟರ್ನ್‌ಬಕಲ್ ತಿರುಗಿಸಿ.

ಮೊಬೈಲ್ ಸಿಗ್ನಲ್ ಹೋಗುವ ಮುಂಚೆ ಮನೆಗೆ ಮೂರು ವಿವರ ಕಳಿಸಿ: ಹಡಗಿನ ಐಎಂಒ ನಂಬರ್ (ಹಡಗಿನ ಕಾಯಂ ಗುರುತು ಸಂಖ್ಯೆ), ಕಂಪನಿಯ 24 ಗಂಟೆಯ ತುರ್ತು ಫೋನ್, ಮುಂದಿನ ಬಂದರು ಮತ್ತು ತಲುಪುವ ಅಂದಾಜು ದಿನ. ಜೊತೆಗೆ ಒಂದು ಮಾತು ತಿಳಿಸಿ. ಹಡಗಿನ ಜಾಗ ತೋರಿಸುವ ಉಚಿತ ಆ್ಯಪ್‌ಗಳು ದಡದ ರಿಸೀವರ್‌ಗಳನ್ನು ನೆಚ್ಚಿಕೊಂಡಿರುತ್ತವೆ, ಅವುಗಳಿಗೆ ಕೆಲವು ಹತ್ತು ಮೈಲಿ ಆಚೆ ಕೇಳಿಸುವುದಿಲ್ಲ. ನಕ್ಷೆಯಲ್ಲಿ ಚುಕ್ಕೆ ನಾಲ್ಕು ದಿನದಿಂದ ಅಲ್ಲಾಡದೆ ನಿಂತಿದ್ದರೆ ಹಡಗು ಆ ವ್ಯಾಪ್ತಿ ದಾಟಿ ಮುಂದೆ ಹೋಗಿದೆ ಎಂದಷ್ಟೇ ಅರ್ಥ.